‘ತಡೆಹಿಡಿ’ ಎಂಬ ಮಾತಿನ ಚರಿತ್ರೆ

ಮಂಗಳೂರಿನ ಕದ್ರಿಯು ದೇವಾಲಯದಿಂದಲೂ ಜೋಗಿಮಠದಿಂದಲೂ ಪ್ರಸಿದ್ಧವಾದ ಸ್ಥಳ. ಅಲ್ಲಿಯ ಮಂಜುನಾಥ ದೇವಾಲಯದಲ್ಲಿ ಮೂರು ಮುಖಗಳೂ ಆರು ಕೈಗಳೂ ಉಳ್ಳ ಲೋಕೇಶ್ವರನ ಕಂಚಿನ ವಿಗ್ರಹವೊಂದಿದೆ. ಆಳುಪ ವಂಶದ ಕುಂದವರ್ಮನು ಕ್ರಿ. ಶ. 968ರಲ್ಲಿ ಆ ಮೂರ್ತಿಯನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದನೆಂದು ಅದರ ಪೀಠದ ಸಂಸ್ಕೃತ ಶಾಸನವು ತಿಳಿಸುತ್ತದೆ. ಮೂರ್ತಿಯು ಬೌದ್ಧರದೋ ಶೈವರದೋ ಎಂಬ ವಿಷಯದಲ್ಲಿ ವಿದ್ವಾಂಸರು ಬಹಳವಾಗಿ ಚರ್ಚಿಸಿರುವರು. ಆ ಚರ್ಚೆಯು ಇಲ್ಲಿಗೆ ಪ್ರಕೃತವಲ್ಲ. ಇಲ್ಲಿ ಪ್ರಕೃತವಾದುದು ಶಾಸನದ ಒಂದು ಪದ, ಅದು ‘ವಿಹಾರ’.

ಇಂದಿನ ಕನ್ನಡದಲ್ಲಿ ವಿಹಾರವೆಂದರೆ ಸಂಜೆಯ ಹೊತ್ತು ಗಾಳಿ ಸೇವಿಸುತ್ತ ಸ್ವೇಚ್ಛೆಯಾಗಿ ತಿರುಗುವುದು. ಪ್ರಾಚೀನರ ಬಳಕೆಯಲ್ಲಿಯಾದರೋ ಅದು, ಇಂದ್ರಿಯಗಳ ತಿರುಗಾಟವನ್ನು ನಿಲ್ಲಿಸಲೆಳಸಿದ ಭಿಕ್ಷುಗಳು ನೆಲಸಿದ ಮನೆ. ಒಂದೇ ಪದವು ತಿರುಗಾಟಕ್ಕೂ ತಿರುಗಾಟದ ನಿಲುಗಡೆಗೂ ಹೆಸರಾದುದು ಆಶ್ಚರ್ಯಕರವಾಗಿ ಕಾಣಬಹುದು. ಒಯ್ಯುವುದು ಎಂಬ ಅರ್ಥದ ‘ಹೃ’ ಧಾತುವಿಗೆ ‘ವಿ’ ಎಂಬ ಒಂದಕ್ಷರವು ಮುಂದೆ ಸೇರಿದುದರಿಂದ ಕಾಲವನ್ನು ಕಳೆಯುವುದು ಎಂಬ ಅರ್ಥವು ಹುಟ್ಟಿತು. ಕಾಲವನ್ನು ಕಳೆಯುವ ಸ್ಥಳವೂ ಅದೇ ಹೆಸರನ್ನು ಪಡೆಯಿತು. ಪೀಠದ ಮೇಲಿರುವ ‘ವಿಗ್ರಹ’ವೂ ಇಂತಹುದೇ. ಅಲ್ಲಿ ಅದೇ ‘ವಿ’ ಎಂಬುದು, ಹಿಡಿಯುವುದು ಎಂಬ ಅರ್ಥದ ‘ಗ್ರಹ್’ ಧಾತುವಿಗೆ ಸೇರಿದೆ. ಸಣ್ಣ ಪದವೊಂದು ದೊಡ್ಡ ಧಾತುವನ್ನು ತನಗೆ ಬೇಕಾದೆಡೆಗೆ ಎಳೆದೊಯ್ಯುವ ಈ ವ್ಯಾಪಾರವು ಸಂಸ್ಕೃತಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲಿಷಿನಲ್ಲಿಯೂ ಅದು ಬಲವಾಗಿದೆ. ಆ ಭಾಷೆಯ ಒಂದು ಸಾಮಾನ್ಯ ಕ್ರಿಯಾಪದವನ್ನು, ಎಂದರೆ ‘ಹೋಲ್ಡ್ ಬ್ಯಾಕ್’ ಎಂಬುದನ್ನು, ಕನ್ನಡಕ್ಕೆ ತರುವಲ್ಲಿ ಏನೇನು ಕಷ್ಟವಿದೆ, ಆ ಕಷ್ಟದಿಂದ ಕನ್ನಡದ ಯಾವ ಗುಣವು ಬೆಳಕಿಗೆ ಬರುತ್ತದೆ, ಅದನ್ನು ಮರೆತರೆ ಯಾರಿಗೆ ಹಾನಿ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಸಂಸ್ಕೃತದ ಕ್ರಮವನ್ನು ನೋಡಬಹುದು. ಪ್ರ, ಪರಾ, ಸಂ, ಅನು, ನಿ, ವಿ ಮೊದಲಾದ ಇಪ್ಪತ್ತೆರಡು ಉಪಸರ್ಗಗಳನ್ನು ಪಾಠಶಾಲೆಯ ಬಾಲಕರು ಕಂಠಪಾಠ ಮಾಡುವರು. ‘ಗ್ರಹ್’ ಎಂಬ ಒಂದೇ ಧಾತುವು ‘ಅನು’ ಸೇರಿದಾಗ ಅನುಗ್ರಹವಾಗಿ ಕೃಪೆಯನ್ನು ಹೇಳುತ್ತದೆ. ‘ಸಂ’ ಸೇರಿದಾಗ ಸಂಗ್ರಹವಾಗಿ ಕೂಡಿಡುವುದನ್ನು ಹೇಳುತ್ತದೆ. ‘ಆ’ ಸೇರಿದಾಗ ಆಗ್ರಹವಾಗಿ ಹಟವನ್ನು ಹೇಳುತ್ತದೆ. ‘ನಿ’ ಸೇರಿದಾಗ ನಿಗ್ರಹವಾಗಿ ತಡೆಯುವುದನ್ನು ಹೇಳುತ್ತದೆ. ‘ಪ್ರ’ ಸೇರಿದಾಗ ಹುಟ್ಟುವ ಪ್ರಗ್ರಹ ಎಂಬುದಕ್ಕೆ ಕುದುರೆಯ ಲಗಾಮು ಎಂಬುದೊಂದು ಅರ್ಥ. ಹಿಡಿಯುವುದು ಎಲ್ಲೆಡೆಯೂ ಒಂದೇ; ಹಿಡಿದ ಕೈ ಯಾವ ಕಡೆಗೆ ತಿರುಗಿದೆ ಎಂಬುದನ್ನು ಉಪಸರ್ಗವು ತೋರಿಸುತ್ತದೆ.

ಇನ್ನೂ ವಿಚಿತ್ರವಾದುದು ‘ರಮ್’ ಧಾತುವಿನ ಕಥೆ. ಅದರ ಸಹಜವಾದ ಅರ್ಥ ಸಂತೋಷದಲ್ಲಿ ತೊಡಗುವುದು. ಅದಕ್ಕೆ ‘ವಿ’ ಸೇರಿದ ಕ್ಷಣದಲ್ಲಿಯೇ ಸಂತೋಷದಿಂದ ಕೈತೆಗೆಯುವುದು, ನಿಲ್ಲುವುದು ಎಂಬ ಅರ್ಥ ಬರುತ್ತದೆ. ವಾಕ್ಯದ ನಡುವಣ ವಿರಾಮವೂ ಆಟದ ನಡುವಣ ವಿರಾಮವೂ ಇದರಿಂದ ಹುಟ್ಟಿದುವೇ. ಅರ್ಥ ಬದಲಾದುದಲ್ಲದೆ, ಆತ್ಮನೇಪದಿಯಾಗಿದ್ದ ಆ ಧಾತುವು ‘ವಿ’ ಸೇರಿದಾಗ ಪರಸ್ಮೈಪದಿಯಾಗುತ್ತದೆಂದು ಪಾಣಿನಿಯು ಪ್ರತ್ಯೇಕವಾಗಿ ವಿಧಿಸಿರುವನು. ಆತ್ಮನೇಪದವೆಂಬ ಈ ಸಂಗತಿಯು ಮುಂದೆ ಬೇಕಾಗುವುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಉಪಸರ್ಗಗಳ ಸ್ಥಾನದ ವಿಷಯದಲ್ಲಿಯೂ ಪಾಣಿನಿಯ ನಿಯಮವಿದೆ. ಲೋಕಭಾಷೆಯಲ್ಲಿ ಅವು ಧಾತುವಿನ ಮುಂದೆಯೇ ಅದಕ್ಕೆ ತಾಗಿ ನಿಲ್ಲತಕ್ಕವು. ವೇದದಲ್ಲಿಯಾದರೋ ಧಾತುವಿನ ಅನಂತರವೂ ಬರಬಹುದು. ನಡುವೆ ಬೇರೆ ಪದಗಳನ್ನು ಬಿಟ್ಟು ದೂರದಲ್ಲಿಯೂ ನಿಲ್ಲಬಹುದು. ಅಂದರೆ ಒಂದು ಕಾಲದಲ್ಲಿ ಸ್ವತಂತ್ರವಾಗಿ ಓಡಾಡುತ್ತಿದ್ದ ಈ ಸಣ್ಣ ಪದಗಳು ಕಾಲಕ್ರಮದಲ್ಲಿ ಧಾತುವಿಗೆ ಕಟ್ಟುಬಿದ್ದುವು.

ಇಂಗ್ಲಿಷಿನ ಚರಿತ್ರೆಯು ಇದಕ್ಕೆ ಸರಿಯಾಗಿ ತಿರುವುಮುರುವು. ಆ ಭಾಷೆಯಲ್ಲಿ ಹಳೆಯ ಕಾಲಕ್ಕೆ ಸೇರಿದ ‘ವಿತ್‌ಹೋಲ್ಡ್’, ‘ಅಪ್‌ಹೋಲ್ಡ್’, ‘ಫಾರ್‌ಬೇರ್’ ಎಂಬ ಪದಗಳಲ್ಲಿ ಸಣ್ಣ ಪದವು ನಮ್ಮ ಉಪಸರ್ಗದಂತೆ ಮುಂದೆಯೇ ಇದೆ. ತರುವಾಯ ಅದು ಕಟ್ಟು ಬಿಚ್ಚಿಕೊಂಡು ಕ್ರಿಯಾಪದದ ಹಿಂದೆ ಬಂದು ನಿಂತಿತು. ‘ಹೋಲ್ಡ್ ಬ್ಯಾಕ್’, ‘ಹೋಲ್ಡ್ ಇನ್’, ‘ಹೋಲ್ಡ್ ಡೌನ್’, ‘ಹೋಲ್ಡ್ ಆಫ್’ ಎಂಬ ಮಾತುಗಳು ಬಳಕೆಗೆ ಬಂದುವು. ‘ಜನರ ಗುಂಪನ್ನು ತಡೆಹಿಡಿದರು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯದಲ್ಲಿ ‘ಹೋಲ್ಡ್’ ಎಂಬುದು ಒಂದು ಕಡೆ, ‘ಬ್ಯಾಕ್’ ಎಂಬುದು ಇನ್ನೊಂದು ಕಡೆ, ನಡುವೆ ಗುಂಪು ಬರುವುದೂ ಉಂಟು. ವೇದಕಾಲದ ಉಪಸರ್ಗಕ್ಕೆ ಇದ್ದ ಸ್ವಾತಂತ್ರ್ಯವೇ ಇದು. ಸ್ಯಾಮ್ಯುಯೆಲ್ ಜಾನ್ಸನನು 1755ರಲ್ಲಿ ಹೊರತಂದ ತನ್ನ ನಿಘಂಟಿನ ಪೀಠಿಕೆಯಲ್ಲಿ, ಕ್ರಿಯಾಪದದ ಹಿಂದೆ ಬರುವ ಈ ಸಣ್ಣ ಪದಗಳಿಂದಲೇ ಪರದೇಶೀಯರಿಗೆ ಅತ್ಯಧಿಕವಾದ ಕಷ್ಟವೆಂದು ಒಪ್ಪಿಕೊಂಡಿರುವನು. ಇಂತಹ ಕ್ರಿಯಾಪದಗಳಿಗೆ ಇಂದು ರೂಢಿಯಲ್ಲಿರುವ ‘ಫ್ರೇಸಲ್ ವರ್ಬ್’ ಎಂಬ ಹೆಸರು ಲೋಗನ್ ಪಿಯರ್ಸಲ್ ಸ್ಮಿತ್ ಎಂಬವನು 1925ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಚಾರಕ್ಕೆ ಬಂದಿತು. ವಸ್ತುವು ಹಳೆಯದು, ಹೆಸರು ಮಾತ್ರ ಹೊಸದು.

ತಡೆಯುವುದು ಎಂಬ ಅರ್ಥವುಳ್ಳ ಇಂಗ್ಲಿಷ್ ಪದಗಳ ಮೂಲವನ್ನು ಶೋಧಿಸಿದರೆ ಅಲ್ಲಿ ಪದೇ ಪದೇ ಕುದುರೆಯ ಲಾಯವೇ ಎದುರಾಗುತ್ತದೆ. ‘ರೇನ್’ ಎಂದರೆ ಲಗಾಮಿನ ಹಗ್ಗ. ಅದು ಹಿಂದಕ್ಕೆ ಹಿಡಿ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಫ್ರೆಂಚ್ ಭಾಷೆಯ ಮೂಲಕ ಇಳಿದುಬಂದುದು. ಆದುದರಿಂದ ‘ರೇನ್ ಇನ್’ ಎಂಬ ಇನ್ನೊಂದು ಕ್ರಿಯಾಪದದ ಹೊಟ್ಟೆಯೊಳಗೆ ‘ಹೋಲ್ಡ್ ಬ್ಯಾಕ್’ ಎಂಬುದರ ಅರ್ಥವೇ ಅಡಗಿದೆ. ಮಾಡದೆ ಇರು ಎಂಬ ಅರ್ಥದ ‘ರಿಫ್ರೇನ್’ ಎಂಬುದರಲ್ಲಿಯೂ ಲ್ಯಾಟಿನ್ನಿನ ಕಡಿವಾಣವಿದೆ. ಕುದುರೆಯು ಬಾಯಲ್ಲಿ ಕಚ್ಚಿಕೊಳ್ಳುವ ಕಬ್ಬಿಣಕ್ಕೆ ಇಂಗ್ಲಿಷಿನಲ್ಲಿ ‘ಬಿಟ್’ ಎಂಬ ಹೆಸರು. ಅದು ಕಚ್ಚು ಎಂಬ ಅರ್ಥದ ‘ಬೈಟ್’ ಎಂಬುದರ ಬಂಧು. ಕನ್ನಡದ ಕಡಿವಾಣದಲ್ಲಿಯೂ ಕಚ್ಚು ಎಂಬ ಅರ್ಥದ ‘ಕಡಿ’ ಧಾತುವೇ ಇದೆ. ಪರಸ್ಪರ ಸಂಬಂಧವಿಲ್ಲದ ಎರಡು ಭಾಷೆಗಳವರು ಒಂದೇ ವಸ್ತುವನ್ನು ಕಂಡು ಒಂದೇ ಬಗೆಯಾಗಿ ಹೆಸರಿಟ್ಟರು. ಲಗಾಮು ಎಂಬುದಾದರೋ ಪಾರಸಿಯಿಂದ ಬಂದುದು. ತಡೆಯುವ ಸಾಧನವು ದೇಶದಿಂದ ದೇಶಕ್ಕೆ ಸವಾರರೊಡನೆ ಪ್ರಯಾಣ ಮಾಡಿರುವಂತೆ ಅದರ ಹೆಸರುಗಳೂ ಪ್ರಯಾಣ ಮಾಡಿರುವುವು.

ಈ ಎರಡು ಭಾಷಾಸಂಪ್ರದಾಯಗಳು, ಎಂದರೆ ಸಂಸ್ಕೃತದ ನಿಗ್ರಹವೂ ಇಂಗ್ಲಿಷಿನ ‘ಹೋಲ್ಡ್ ಬ್ಯಾಕ್’ ಎಂಬುದೂ, ಕನ್ನಡದ ಮನೆಮಾತನ್ನು ಸಂಧಿಸಿದ ಸ್ಥಳಗಳಲ್ಲಿ ಮಂಗಳೂರು ಮುಖ್ಯವಾದುದು. ಕದ್ರಿಯ ಗುಡ್ಡದ ಮೇಲಿರುವ ಜೋಗಿಮಠವು ನಾಥಪಂಥಕ್ಕೆ ಸೇರಿದುದು. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕದ ಬಳಿಯ ತ್ರ್ಯಂಬಕದಲ್ಲಿ ಕುಂಭಮೇಳವು ನಡೆದ ತರುವಾಯ ನಾಥಯೋಗಿಗಳ ಸಮೂಹವು ಕಾಲ್ನಡೆಯಿಂದ ಕದ್ರಿಗೆ ಬಂದು, ಮಠಕ್ಕೆ ಹೊಸ ಅಧಿಪತಿಯನ್ನು ಪಟ್ಟಕ್ಕೇರಿಸುವ ಸಂಪ್ರದಾಯವು ಇಂದಿಗೂ ನಡೆದುಬಂದಿದೆ; 2016ರಲ್ಲಿಯೂ ಹಾಗೆಯೇ ನಡೆಯಿತು. ಈ ಯೋಗಿಗಳ ಶಾಸ್ತ್ರಕ್ಕೆ ಹಠಯೋಗವೆಂದು ಹೆಸರು, ಹಠವೆಂದರೆ ಬಲಾತ್ಕಾರ. ಮೂಲಬಂಧ, ಉಡ್ಡಿಯಾನಬಂಧ, ಜಾಲಂಧರಬಂಧ ಎಂಬ ಅದರ ಪರಿಭಾಷೆಯಲ್ಲಿ ಎಲ್ಲೆಲ್ಲಿಯೂ ಕಟ್ಟುವುದೇ ಇದೆ. ಶ್ವಾಸವನ್ನು ಒಳಗೆ ತುಂಬಿ ನಿಲ್ಲಿಸುವುದಕ್ಕೆ ಕುಂಭಕವೆನ್ನುವರು.

ಈ ಕುಂಭಕವನ್ನು ಮನೆಮಾತಿನಲ್ಲಿ ಹೇಳುವಾಗ ಕನ್ನಡದ ಸೂಕ್ಷ್ಮತೆಯು ಪ್ರಕಟವಾಗುತ್ತದೆ. ಯೋಗಿಯು ‘ಉಸಿರು ಬಿಗಿಹಿಡಿದನು’ ಎನ್ನುವರು. ನೀರಿನಲ್ಲಿ ಮುಳುಗಿದವನಿಗೆ ‘ಉಸಿರು ಕಟ್ಟಿತು’ ಎನ್ನುವರು. ಎರಡು ಕಡೆಯೂ ನಿಂತುದು ಉಸಿರೇ. ಮೊದಲನೆಯದರಲ್ಲಿ ಹಿಡಿದವನು ಒಬ್ಬನಿದ್ದಾನೆ; ಬೇಕೆಂದಾಗ ಬಿಡಬಲ್ಲನು. ಎರಡನೆಯದರಲ್ಲಿ ಹಿಡಿದವನೇ ಇಲ್ಲ. ಆದುದರಿಂದ ಬಿಡುವವನೂ ಇಲ್ಲ. ಸಂಯಮಕ್ಕೂ ಸಂಕಟಕ್ಕೂ ಇರುವ ಭೇದವನ್ನು ಓದುಬರಹವಿಲ್ಲದ ಅಜ್ಜಿಯೂ ಒಂದು ಕ್ರಿಯಾಪದದಿಂದ ತೋರಿಸಬಲ್ಲಳು.

ಕದ್ರಿಯಿಂದ ಹೆಚ್ಚು ದೂರವಿಲ್ಲದ ಬಲ್ಮಠದ ಗುಡ್ಡದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೊಂದು ಬಗೆಯ ತಪಸ್ಸು ನಡೆಯಿತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಒಬ್ಬನಾದ ಹರ್ಮನ್ ಮೋಗ್ಲಿಂಗನು 1843ರಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲನು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಇಲ್ಲಿಯ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದನು. ಜೀಗ್ಲರನ ಇಂಗ್ಲಿಷ್–ಕನ್ನಡ ಶಾಲಾನಿಘಂಟು 1876ರಲ್ಲಿ ಬಂದಿತು. 1880ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜಿಗೆ ಸೇರಿದ ಇಟಲಿಯ ಪಾದ್ರಿ ಮಾಫೆಯಿಯು ರಚಿಸಿದ ಇಂಗ್ಲಿಷ್–ಕೊಂಕಣಿ ನಿಘಂಟು 1883ರಲ್ಲಿಯೂ, ಮೆನ್ನರನ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿಯೂ, ಸುಮಾರು 70,000 ಪದಗಳುಳ್ಳ ಕಿಟ್ಟೆಲನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿಯೂ ಪ್ರಕಟವಾದುವು. ಹನ್ನೊಂದು ವರ್ಷಗಳ ಅವಧಿಯಲ್ಲಿ ಒಂದೇ ಊರಿನ ಒಂದೇ ಮುದ್ರಣಾಲಯದಿಂದ ಮೂರು ದೇಶಭಾಷೆಗಳಿಗೆ ಇಂಗ್ಲಿಷಿನೊಡನೆ ಸೇತುವೆ ಕಟ್ಟಿದ ಉದಾಹರಣೆಯು ಅಪರೂಪವಾದುದು. ಬಳ್ಳಾರಿಯಲ್ಲಿದ್ದ ವಿಲಿಯಮ್ ರೀವನ ಇಂಗ್ಲಿಷ್–ಕನ್ನಡ ನಿಘಂಟು ಇವಕ್ಕಿಂತ ಮೊದಲೇ, 1824ರಲ್ಲಿ, ಹೊರಬಂದಿತ್ತು.

ಕನ್ನಡ ಪದವನ್ನು ಎಡಗಡೆ ಬರೆದು ಇಂಗ್ಲಿಷಿನಲ್ಲಿ ಅರ್ಥ ಹೇಳುವುದು ಒಂದು ಕೆಲಸ. ಇಂಗ್ಲಿಷ್ ಪದವನ್ನು ಎಡಗಡೆ ಬರೆದು ಕನ್ನಡದಲ್ಲಿ ಅರ್ಥ ಹೇಳುವುದು ಇನ್ನೊಂದು. ಎರಡನೆಯ ಕೆಲಸಕ್ಕೆ ಕುಳಿತವನಿಗೆ ‘ಹೋಲ್ಡ್ ಬ್ಯಾಕ್’ ಎಂಬಂತಹ ಮಾತು ಎದುರಾದಾಗ ಅವನ ಪಾಡೇನು? ‘ಹೋಲ್ಡ್’ ಎಂದರೆ ಹಿಡಿ, ‘ಬ್ಯಾಕ್’ ಎಂದರೆ ಹಿಂದೆ. ಆದುದರಿಂದ ‘ಹಿಂದೆ ಹಿಡಿ’ ಎಂದು ಬರೆದರೆ ಅದು ಕನ್ನಡವಾಗಲಾರದು. ಇಂಗ್ಲಿಷ್ ಕಲಿಯುವ ಬಾಲಕರು ಮೊದಲ ವರ್ಷದಲ್ಲಿ ಮಾಡುವ ಭಾಷಾಂತರವು ಇದೇ. ಅದನ್ನು ಕಂಡು ನಗುವ ಹಿರಿಯರು, ಕನ್ನಡದಲ್ಲಿ ಒಂದೇ ಪದವನ್ನು ಹೇಳಿರೆಂದು ಕೇಳಿದರೆ ತಾವೂ ತಡಬಡಿಸುವರು. ಏಕೆಂದರೆ ಅಂತಹ ಒಂದು ಪದವು ಇಲ್ಲ. ಇರಬೇಕಾದ ಅಗತ್ಯವೂ ಇಲ್ಲ.

ಇಂಗ್ಲಿಷಿನ ಆ ಒಂದು ಮಾತಿನಲ್ಲಿ ಕಡಿಮೆಯೆಂದರೂ ಐದು ಅರ್ಥಗಳು ಒಟ್ಟಾಗಿ ವಾಸವಾಗಿರುವುವು. ಮುನ್ನುಗ್ಗುವ ಗುಂಪನ್ನೂ ಹರಿಯುವ ನೀರನ್ನೂ ತಡೆಯುವುದು ಮೊದಲನೆಯದು. ಕನ್ನಡದಲ್ಲಿ ಅದಕ್ಕೆ ‘ಅಡ್ಡಗಟ್ಟು’, ‘ತಡೆದು ನಿಲ್ಲಿಸು’ ಎಂಬ ಮಾತುಗಳಿವೆ. ಅಳು, ನಗು, ಕೋಪ ಮೊದಲಾದುವು ಹೊರಬೀಳದಂತೆ ನೋಡುವುದು ಎರಡನೆಯದು. ಅದಕ್ಕೆ ‘ತಡೆದುಕೊಳ್ಳು’, ‘ಅದುಮಿಕೊಳ್ಳು’, ‘ನುಂಗಿಕೊಳ್ಳು’ ಎನ್ನಬೇಕು. ಕೊಡಬೇಕಾದ ಹಣವನ್ನು ಕೊಡದಿರುವುದು ಮೂರನೆಯದು. ಅದಕ್ಕೆ ‘ಹಿಡಿದುಕೊಳ್ಳು’, ‘ತಡೆಹಿಡಿ’ ಎಂಬುವು ಸಲ್ಲುತ್ತವೆ. ತಿಳಿಸಬೇಕಾದ ಸಂಗತಿಯನ್ನು ತಿಳಿಸದಿರುವುದು ನಾಲ್ಕನೆಯದು. ಅದು ಕನ್ನಡದಲ್ಲಿ ‘ಮುಚ್ಚಿಡು’, ‘ಬಚ್ಚಿಡು’ ಎಂದಾಗುತ್ತದೆ. ಧೈರ್ಯ ಸಾಲದೆಯೋ ಸಂಕೋಚದಿಂದಲೋ ಮುಂದೆ ಹೋಗದಿರುವುದು ಐದನೆಯದು. ಅದಕ್ಕೆ ‘ಹಿಂಜರಿ’, ‘ಹಿಂದೆಗೆ’ ಎಂಬ ಸುಂದರವಾದ ಪದಗಳಿವೆ. ಈ ಐದನೆಯ ಅರ್ಥದಲ್ಲಿ ಮಾತ್ರ ಇಂಗ್ಲಿಷಿನ ‘ಬ್ಯಾಕ್’ ಎಂಬುದು ಕನ್ನಡದಲ್ಲಿಯೂ ‘ಹಿಂ’ ಎಂದು ಉಳಿದುಕೊಂಡಿರುವುದನ್ನೂ, ಅದು ಸಂಸ್ಕೃತದ ಉಪಸರ್ಗದಂತೆ ಧಾತುವಿನ ಮುಂದೆಯೇ ನಿಂತಿರುವುದನ್ನೂ ಗಮನಿಸಬೇಕು. ಮುನ್ನುಗ್ಗು, ಹಿಮ್ಮೆಟ್ಟು, ಅಡ್ಡಗಟ್ಟು, ಒಳಗೊಳ್ಳು ಎಂಬುವೂ ಇದೇ ಜಾತಿಯವು. ದಿಕ್ಕನ್ನು ಸೂಚಿಸುವ ಸಣ್ಣ ಪದಗಳು ಕನ್ನಡಕ್ಕೆ ಇಲ್ಲವೆಂದು ಯಾರೂ ಭಾವಿಸತಕ್ಕದ್ದಲ್ಲ.

ಒಂದು ಮಾತಿಗೆ ಐದು ಮಾತುಗಳು ಬೇಕಾದುದನ್ನು ಕಂಡು ಕನ್ನಡವು ಬಡವಾದ ಭಾಷೆಯೆಂದು ಕೆಲವರು ಎಣಿಸಬಹುದು. ಸತ್ಯವು ಇದಕ್ಕೆ ವಿರುದ್ಧವಾಗಿದೆ. ಒಬ್ಬಳು ಕಣ್ಣೀರನ್ನು ತಡೆದುಕೊಂಡಳು. ಒಬ್ಬ ಧಣಿಯು ಆಳಿನ ಕೂಲಿಯನ್ನು ಹಿಡಿದುಕೊಂಡನು. ಒಬ್ಬ ಸಾಕ್ಷಿಯು ನಿಜವನ್ನು ಮುಚ್ಚಿಟ್ಟನು. ಇಂಗ್ಲಿಷಿನಲ್ಲಿ ಮೂವರ ಕೆಲಸಕ್ಕೂ ಒಂದೇ ಕ್ರಿಯಾಪದವು ಸಲ್ಲುತ್ತದೆ. ಕನ್ನಡದಲ್ಲಿಯಾದರೋ ಕ್ರಿಯಾಪದವನ್ನು ಉಚ್ಚರಿಸಿದೊಡನೆಯೇ ಮೊದಲನೆಯದು ಗುಣವೆಂದೂ, ಎರಡನೆಯದು ಅನ್ಯಾಯವಾಗಿರಬಹುದೆಂದೂ, ಮೂರನೆಯದು ದೋಷವೆಂದೂ ತಿಳಿದುಹೋಗುತ್ತದೆ.

ಈ ತಿಳಿವಿಗೆ ಮುಖ್ಯವಾದ ಸಾಧನವು ‘ಕೊಳ್ಳು’ ಎಂಬ ಸಹಾಯಕ ಕ್ರಿಯೆ. ಇಲ್ಲಿಯೇ ಹಿಂದೆ ಹೇಳಿದ ಆತ್ಮನೇಪದವು ನೆನಪಿಗೆ ಬರಬೇಕು. ಸಂಸ್ಕೃತದಲ್ಲಿ ಕೆಲವು ಧಾತುಗಳಿಗೆ, ಕ್ರಿಯೆಯ ಫಲವು ಮಾಡಿದವನಿಗೇ ಸೇರುವಾಗ ಆತ್ಮನೇಪದವೂ ಪರರಿಗೆ ಸೇರುವಾಗ ಪರಸ್ಮೈಪದವೂ ಬರುತ್ತವೆ. ಯಜಮಾನನು ತನಗಾಗಿ ಮಾಡುವ ಯಾಗಕ್ಕೆ ‘ಯಜತೇ’ ಎಂದೂ, ಋತ್ವಿಜನು ಯಜಮಾನನಿಗಾಗಿ ಮಾಡುವ ಯಾಗಕ್ಕೆ ‘ಯಜತಿ’ ಎಂದೂ ಪ್ರಯೋಗ. ‘ಗ್ರಹ್’ ಧಾತುವೂ ಈ ಎರಡು ಪದಗಳನ್ನೂ ಪಡೆಯುವ ವರ್ಗಕ್ಕೆ ಸೇರಿದೆ. ಕನ್ನಡದಲ್ಲಿ ಆ ಭೇದವನ್ನು ‘ಕೊಳ್ಳು’ ಎಂಬುದು ನಿರ್ವಹಿಸುತ್ತದೆ. ‘ಅಡಿಗೆ ಮಾಡಿದಳು’ ಎಂದರೆ ಯಾರಿಗಾಗಿಯೋ ಮಾಡಿರಬಹುದು. ‘ಅಡಿಗೆ ಮಾಡಿಕೊಂಡಳು’ ಎಂದರೆ ತನಗಾಗಿ ಎಂಬುದು ಸ್ಪಷ್ಟ. ತುಳುವಿನಲ್ಲಿಯೂ ಹಿಡಿಯುವುದಕ್ಕೆ ‘ಪತ್ತ್’ ಎಂದೂ ತನಗಾಗಿ ಹಿಡಿದುಕೊಳ್ಳುವುದಕ್ಕೆ ‘ಪತ್ತೊನು’ ಎಂದೂ ಭೇದವುಂಟು. ‘ತಡೆದನು’ ಎಂದರೆ ಬೇರೆಯವರನ್ನು; ‘ತಡೆದುಕೊಂಡನು’ ಎಂದರೆ ತನ್ನನ್ನು. ಇಷ್ಟೇ ಅಲ್ಲದೆ, ‘ನೋವನ್ನು ತಡೆದುಕೊಂಡನು’ ಎಂಬಲ್ಲಿ ಅದೇ ಮಾತು ಸಹಿಸುವುದು ಎಂಬ ಅರ್ಥವನ್ನೂ ಕೊಡುತ್ತದೆ. ‘ತಾಳು’ ಎಂಬುದೂ ಹಾಗೆಯೇ. ಕಾಯುವುದಕ್ಕೂ ಅದೇ, ಸಹಿಸುವುದಕ್ಕೂ ಅದೇ. ತಾಳಿದವನು ಬಾಳಿಯಾನು ಎಂಬ ಗಾದೆಯಲ್ಲಿ ಎರಡು ಅರ್ಥಗಳೂ ಕೂಡಿಕೊಂಡಿವೆ. ತನ್ನನ್ನು ತಾನು ತಡೆಯಬಲ್ಲವನೇ ಸಹಿಸಬಲ್ಲವನೆಂಬ ತತ್ತ್ವವನ್ನು ಕನ್ನಡವು ಉಪದೇಶದ ಮಾತಿಲ್ಲದೆ ವ್ಯಾಕರಣದಲ್ಲಿಯೇ ಇಟ್ಟುಕೊಂಡಿದೆ.

ಇಷ್ಟು ಸೂಕ್ಷ್ಮವಾದ ಭಾಷೆಯ ಇಂದಿನ ಬಳಕೆಯಲ್ಲಿ ಎರಡು ಕೊರತೆಗಳು ಕಾಣುತ್ತವೆ. ಮೊದಲನೆಯದು, ಎಲ್ಲ ತಡೆಗೂ ‘ಕಡಿವಾಣ’ವೊಂದೇ ಸಾಕೆಂಬ ಪತ್ರಿಕೆಗಳ ರೂಢಿ. ಬೆಲೆಯ ಏರಿಕೆಗೂ ಕಡಿವಾಣ, ವಾಹನಗಳ ವೇಗಕ್ಕೂ ಕಡಿವಾಣ, ಸೊಳ್ಳೆಗಳಿಗೂ ಕಡಿವಾಣ! ಕಡಿವಾಣವು ಸವಾರನಿರುವ ಕುದುರೆಗೆ ಹಾಕತಕ್ಕ ವಸ್ತು. ಎರಡನೆಯದು ಇದಕ್ಕಿಂತ ಗುರುತರವಾದುದು; ಅದು ಕಚೇರಿಗಳ ಕಾಗದಪತ್ರಗಳಲ್ಲಿ ನೆಲಸಿರುವ ‘ತಡೆಹಿಡಿಯಲಾಗಿದೆ’ ಎಂಬ ಕರ್ಮಣಿ ಪ್ರಯೋಗ. ವೃದ್ಧರೊಬ್ಬರಿಗೆ ನಿವೃತ್ತಿವೇತನವು ಬಾರದಿದ್ದಾಗ ದೊರೆಯುವ ಉತ್ತರವು ಬಹುಶಃ ಇದೊಂದೇ ಪದವಾಗಿರುತ್ತದೆ. ತಡೆಹಿಡಿದವರು ಯಾರು, ಯಾವ ಕಾರಣದಿಂದ, ಎಂದಿನ ವರೆಗೆ ಎಂಬ ಮೂರು ಪ್ರಶ್ನೆಗಳಿಗೂ ಅಲ್ಲಿ ಸ್ಥಳವಿಲ್ಲ. ಹಿಡಿದ ಕೈಯನ್ನು ತೋರಿಸುವುದೇ ಸ್ವಭಾವವಾಗಿದ್ದ ಭಾಷೆಯಲ್ಲಿ ಕೈಯೇ ಇಲ್ಲದ ಹಿಡಿತವು ಹುಟ್ಟಿತು. ‘ಉಸಿರು ಕಟ್ಟಿತು’ ಎಂಬುದರ ಪಕ್ಕದಲ್ಲಿ ಇಡತಕ್ಕ ಮಾತು ಇದು.

ಈ ವಿಚಾರವು ಪಂಡಿತರ ವಿನೋದವಲ್ಲ, ಮನೆಮನೆಗೂ ಸಂಬಂಧಿಸಿದುದು ಎಂಬುದಕ್ಕೆ ಸಮೀಪದ ಕಾಲದ ಒಂದು ನಿದರ್ಶನವಿದೆ. ಭಾರತದ ಸಂಸತ್ತು 2009ರಲ್ಲಿ ಅಂಗೀಕರಿಸಿ 2010ರಲ್ಲಿ ಜಾರಿಗೆ ಬಂದ ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆಯ 16ನೆಯ ಪ್ರಕರಣದಲ್ಲಿ ‘ಹೋಲ್ಡ್ ಬ್ಯಾಕ್’ ಎಂಬ ಕ್ರಿಯಾಪದವೇ ಶಾಸನದ ಪದವಾಗಿ ಬಂದಿದೆ. ಪ್ರಾಥಮಿಕ ಶಿಕ್ಷಣವು ಮುಗಿಯುವ ವರೆಗೆ ಯಾವ ಮಗುವನ್ನೂ ಯಾವ ತರಗತಿಯಲ್ಲಿಯೂ ಮುಂದಕ್ಕೆ ಕಳುಹಿಸದೆ ನಿಲ್ಲಿಸಕೂಡದು, ಶಾಲೆಯಿಂದ ಹೊರಹಾಕಲೂ ಕೂಡದು ಎಂಬುದು ಅದರ ತಾತ್ಪರ್ಯವಾಗಿತ್ತು. ಮಕ್ಕಳ ಕಲಿಕೆಯು ಸಡಿಲವಾಯಿತೆಂಬ ಆಕ್ಷೇಪಣೆಯು ಬಂದುದರಿಂದ 2019ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಐದನೆಯ ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ಪರೀಕ್ಷೆ ನಡೆಸಬಹುದು. ಅನುತ್ತೀರ್ಣವಾದ ಮಗುವಿಗೆ ಹೆಚ್ಚಿನ ಪಾಠವನ್ನೂ ಎರಡು ತಿಂಗಳೊಳಗೆ ಮರುಪರೀಕ್ಷೆಯನ್ನೂ ಕೊಡಬೇಕು. ಆಗಲೂ ತೇರ್ಗಡೆಯಾಗದಿದ್ದರೆ ಅದೇ ತರಗತಿಯಲ್ಲಿ ನಿಲ್ಲಿಸಲು ಸರ್ಕಾರವು ಅನುಮತಿ ಕೊಡಬಹುದು. ಶಾಲೆಯಿಂದ ಹೊರಹಾಕಕೂಡದೆಂಬ ನಿಯಮವು ಹಾಗೆಯೇ ಉಳಿಯಿತು. ಕೇಂದ್ರ ಸರ್ಕಾರವು 2024ರ ಡಿಸೆಂಬರಿನಲ್ಲಿ ಇದಕ್ಕೆ ಅನುಗುಣವಾದ ನಿಯಮಗಳನ್ನು ಪ್ರಕಟಿಸಿತು.

ಈ ನೀತಿಯ ಗುಣದೋಷಗಳನ್ನು ಶಿಕ್ಷಣವೇತ್ತರು ವಿವೇಚಿಸಲಿ. ಮಾತಿನ ವಿಷಯದಲ್ಲಿ ವಿವೇಚಿಸಬೇಕಾದುದು ಬೇರೆ ಇದೆ. ಇಂಗ್ಲಿಷ್ ಶಾಸನದ ಕ್ರಿಯಾಪದದಲ್ಲಿ ಕೆಲಸವು ಮಗುವಿನದಲ್ಲ. ನಿಲ್ಲಿಸುವುದು ಶಾಲೆ, ನಿಲ್ಲಿಸಲ್ಪಡುವುದು ಮಗು. ಆದುದರಿಂದ ನಿಲ್ಲಿಸಿದುದಕ್ಕೆ ಕಾರಣವನ್ನು ಹೇಳುವ ಭಾರವೂ, ಮುಂದೆ ನಡೆಸುವ ಭಾರವೂ ಶಾಲೆಯ ಮೇಲೆಯೇ ಬೀಳುತ್ತದೆ. ಅದೇ ಸಂಗತಿಯು ನಮ್ಮ ಮನೆಗಳಿಗೆ ಬಂದಾಗ ಏನಾಗುತ್ತದೆ? ‘ಹುಡುಗ ಫೇಲಾದ’, ‘ನಪಾಸಾದ’ ಎನ್ನುವರು. ಕರ್ತ್ರುವಿನ ಸ್ಥಾನಕ್ಕೆ ಮಗುವು ಬಂದಿತು. ಶಾಲೆಯು ವಾಕ್ಯದಿಂದಲೇ ಮಾಯವಾಯಿತು. ಹತ್ತು ವರ್ಷದ ಬಾಲಕನು ತಾನು ಮಾಡಿದ ಅಪರಾಧವೊಂದು ಇದೆಯೆಂದೂ, ಅದರ ಹೆಸರು ‘ಫೇಲು’ ಎಂದೂ ನಂಬಿ ತಲೆತಗ್ಗಿಸುವನು. ನೆರೆಮನೆಯವರೂ ಅದೇ ಕ್ರಿಯಾಪದದಿಂದ ವಿಚಾರಿಸುವರು. ‘ಹುಡುಗನನ್ನು ಈ ವರ್ಷ ಐದನೆಯ ತರಗತಿಯಲ್ಲಿಯೇ ಉಳಿಸಿಕೊಂಡಿದ್ದಾರೆ’ ಎಂಬ ವಾಕ್ಯವು ಶುದ್ಧವಾದ ಕನ್ನಡ; ಉದ್ದವಾದುದೂ ಅಲ್ಲ. ಅದರಲ್ಲಿ ಉಳಿಸಿಕೊಂಡವರು ಇದ್ದಾರೆ; ‘ಕೊಳ್ಳು’ ಎಂಬ ಸಹಾಯಕ ಕ್ರಿಯೆಯೂ ಇದೆ. ಉಳಿಸಿಕೊಂಡವರು ಒಂದು ಹೊಣೆಯನ್ನು ತಮ್ಮದಾಗಿ ಮಾಡಿಕೊಂಡರೆಂಬುದನ್ನು ಆ ಸಹಾಯಕ ಕ್ರಿಯೆಯು ಸಾರುತ್ತದೆ. ಎಲ್ಲರೂ ಕೂಡಿ ಒಂದು ಕ್ರಿಯಾಪದವನ್ನು ಬದಲಿಸಿದರೆ ಬಾಲಕನ ಅಂಕಗಳು ಹೆಚ್ಚಾಗುವುದಿಲ್ಲ, ನಿಜ. ಅವನು ಶಾಲೆಗೆ ಹೋಗಲು ಹಿಂಜರಿಯುವುದು ಮಾತ್ರ ಕಡಿಮೆಯಾದೀತು.

ದಕ್ಷಿಣ ಕನ್ನಡದ ಕೃಷಿಕರಿಗೆ ಈ ಅರ್ಥವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಮಳೆಗಾಲವು ಕಳೆದು ತೋಡಿನ ನೀರು ಇಳಿಯತೊಡಗಿದಾಗ ಅವರು ಕಲ್ಲು, ಮಣ್ಣು, ಮರಗಳಿಂದ ತೋಡಿಗೆ ಅಡ್ಡವಾಗಿ ‘ಕಟ್ಟ’ವನ್ನು ಕಟ್ಟುವರು. ತಡೆಯಲ್ಪಟ್ಟ ನೀರನ್ನು ಯಾರೂ ಸೋತ ನೀರೆನ್ನುವುದಿಲ್ಲ. ಅದು ಸಮುದ್ರಕ್ಕೆ ಓಡಿಹೋಗದೆ ನಿಂತು, ಏರಿ, ತೋಟಗಳಿಗೆ ಹರಿಯುತ್ತದೆ. ನೆಲದೊಳಕ್ಕೆ ಇಂಗಿ ಬಾವಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮುಂದಿನ ಮಳೆಗೆ ಕಟ್ಟವು ಹೋಗುತ್ತದೆ. ನೀರು ತನ್ನ ದಾರಿಯಲ್ಲಿ ನಡೆಯುತ್ತದೆ. ತಡೆಯುವುದಕ್ಕೆ ಒಂದು ಪ್ರಯೋಜನವೂ ಒಂದು ಅವಧಿಯೂ ಇರಬೇಕೆಂಬುದನ್ನು ಕಟ್ಟವು ಪ್ರತಿ ವರ್ಷವೂ ಕಲಿಸುತ್ತದೆ. ಪ್ರಯೋಜನವಿಲ್ಲದೆ ಅವಧಿಯಿಲ್ಲದೆ ನಿಲ್ಲಿಸಿದ ನೀರು ಕೊಳೆಯುತ್ತದೆ. ಹಾಗೆ ನಿಲ್ಲಿಸಿದ ವೇತನವೂ ಮಗುವೂ ಅದಕ್ಕೆ ಹೊರತಲ್ಲ.

ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಬುದ್ಧಿಯನ್ನು ಸಾರಥಿಗೂ ಹೋಲಿಸಿ, ಮನಸ್ಸನ್ನು ಪ್ರಗ್ರಹಕ್ಕೆ ಹೋಲಿಸಿದೆ. ಲಗಾಮು ತಾನಾಗಿ ಏನನ್ನೂ ಮಾಡದು. ಅದರ ಒಂದು ತುದಿ ಕುದುರೆಯ ಬಾಯಲ್ಲಿದ್ದರೆ ಇನ್ನೊಂದು ತುದಿ ಸಾರಥಿಯ ಕೈಯಲ್ಲಿರಬೇಕು. ರಥವು ನಿಂತಿರುವುದಕ್ಕಾಗಿ ಹುಟ್ಟಿದುದಲ್ಲ, ಗುರಿಯನ್ನು ಸೇರುವುದಕ್ಕಾಗಿ ಹುಟ್ಟಿದುದು. ಹಿಡಿಯುವ ಕೈ, ಹಿಡಿಯಲ್ಪಟ್ಟ ವಸ್ತು, ತಲಪಬೇಕಾದ ಸ್ಥಳ ಎಂಬ ಮೂರೂ ಕಾಣುವಂತೆ ಆಡಿದ ಮಾತೇ ತಡೆಯನ್ನು ಕುರಿತು ಆಡಿದ ಸರಿಯಾದ ಮಾತು. ಬಲ್ಮಠದಲ್ಲಿ ಅಚ್ಚಾದ ನಿಘಂಟುಗಳಲ್ಲಿ ಕನ್ನಡದ ಪದಗಳು ಸಾವಿರಗಟ್ಟಲೆ ಸಂಗ್ರಹವಾಗಿರುವುವು. ಮೈಸೂರು ವಿಶ್ವವಿದ್ಯಾನಿಲಯದ 1946ರ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿಯೂ, 1970ರಿಂದ 1995ರ ವರೆಗೆ ಎಂಟು ಸಂಪುಟಗಳಲ್ಲಿ ಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಿಯೂ ಆ ಸಂಗ್ರಹವು ಬೆಳೆದಿದೆ. ಪದಗಳಿಗೆ ಕೊರತೆಯಿಲ್ಲ. ಯಾವ ಹಿಡಿತಕ್ಕೆ ಯಾವ ಪದವೆಂಬ ವಿವೇಕವನ್ನು ಮಾತ್ರ ನಿಘಂಟುಗಳು ಕೊಡಲಾರವು. ಅದು ಮಾತನಾಡುವವರಲ್ಲಿಯೇ ಇರತಕ್ಕದ್ದು. ಕಾಗದಕ್ಕೆ ಸಹಿ ಹಾಕುವ ಮೊದಲೂ, ಮಗುವನ್ನು ಕುರಿತು ನೆರೆಯವರೊಡನೆ ಮಾತನಾಡುವ ಮೊದಲೂ ಒಂದು ಕ್ಷಣ ನಾಲಿಗೆಯನ್ನು ಬಿಗಿಹಿಡಿದು ತಕ್ಕ ಪದವನ್ನು ಆರಿಸಿಕೊಂಡರೆ, ಆ ಒಂದು ಕ್ಷಣದ ಸಂಯಮವು ಇನ್ನೊಬ್ಬರ ಉಸಿರು ಕಟ್ಟದಂತೆ ಕಾಪಾಡೀತು.